ಒರಟಾದರೇನು, ಓಡುತ್ತೇನಲ್ಲ!

ಸಂದರ್ಶನ ಕೊಟ್ಟವರು ಎರಡು ಮೈಕ್ರಾನ್ ಗಾತ್ರದ ಒಂದು ಉರುಟು ಕಣ. ಮೈಯ ಅರ್ಧಕ್ಕೆ ಮಾತ್ರ ಪ್ಲಾಟಿನಂ ಲೇಪ. ಮಂಗಳೂರಿನ ಹಂಪನಕಟ್ಟೆಯ ಮೆಡಿಕಲ್ ಶಾಪಿನಲ್ಲಿ ಗಾಯ ತೊಳೆಯಲು ಕೊಡುವ ಹೈಡ್ರೋಜನ್ ಪೆರಾಕ್ಸೈಡಿಗೆ ನೀರು ಬೆರೆಸಿ, ಒಂದು ಹನಿಯಲ್ಲಿ ಆಸನ ಕೊಟ್ಟಿದ್ದೆವು. ಅವರು ಕೂರಲಿಲ್ಲ, ಮಾತೆಲ್ಲ ಓಡುತ್ತಲೇ ನಡೆಯಿತು.

ಪ್ರಶ್ನೆ: ಟ್ಯಾಂಕಿಲ್ಲ, ಮೋಟಾರಿಲ್ಲ. ಓಡುವುದು ಹೇಗೆ ಮಾರಾಯ್ರೆ?

ಕಣ: ಪ್ಲಾಟಿನಂ ಇರುವ ಕಡೆ ಪೆರಾಕ್ಸೈಡ್ ಒಡೆದು ನೀರು, ಆಮ್ಲಜನಕ ಹುಟ್ಟುತ್ತವೆ. ಇನ್ನೊಂದು ಕಡೆ ಏನೂ ನಡೆಯುವುದಿಲ್ಲ. ಈ ಏರುಪೇರಿನಿಂದ ಮೈಯಂಚಿನ ದ್ರವ ಜಾರುತ್ತದೆ. ಪ್ಲಾಟಿನಂ ಬೆನ್ನಿಗಿಟ್ಟುಕೊಂಡು ನಾನು ಮುಂದೆ ಸರಿಯುತ್ತೇನೆ. 2004ರಲ್ಲೇ ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದವರು ಚಿನ್ನ, ಪ್ಲಾಟಿನಂ ಜೋಡಿಸಿದ ಕಡ್ಡಿಗಳನ್ನು ಪೆರಾಕ್ಸೈಡಿನಲ್ಲಿ ಓಡಿಸಿದ್ದರು. 2015ರಲ್ಲಿ ವಿಜ್ಞಾನಿ ಪೀರ್ ಫಿಶರ್ ಮತ್ತು ಸಂಗಡಿಗರು ನನ್ನಂಥವರ ಪ್ಲಾಟಿನಂ ಮೈಯನ್ನು ಬೇಕೆಂದೇ ಒರಟು ಮಾಡಿದರು; ನುಣುಪು ಮೈಯವರಿಗಿಂತ ವೇಗ ನಾಲ್ಕು ಪಟ್ಟಾಯಿತು. ಕ್ರಿಯೆ ನಡೆಯುವುದು ಮೇಲ್ಮೈಯಲ್ಲಿ ತಾನೆ? ಉಬ್ಬುತಗ್ಗು ಹೆಚ್ಚಿದಷ್ಟೂ ಪೆರಾಕ್ಸೈಡ್ ಬಂದು ಮುಟ್ಟುವ ಜಾಗ ಹೆಚ್ಚು. ನಿಮ್ಮೂರಿಗೆ ಇದು ಹೊಸದೂ ಅಲ್ಲ. ಕುತ್ತೆತ್ತೂರಿನ ತೈಲ ಶುದ್ಧೀಕರಣಾಗಾರ ಎಂಆರ್‌ಪಿಎಲ್‌ನಲ್ಲಿ ಭಾರವಾದ ಎಣ್ಣೆಯನ್ನು ಒಡೆಯುವ ವೇಗವರ್ಧಕ ಪುಡಿಯೂ ಇದೇ ಜಾತಿಯದು: ಕೂದಲೆಳೆ ದಪ್ಪದ ಕಾಳು, ಒಳಗೆಲ್ಲ ತೂತು, ಗ್ರಾಮೊಂದಕ್ಕೆ ನೂರಾರು ಚದರ ಮೀಟರ್ ಮೈ.

ಪ್ರಶ್ನೆ: ಒರಟಾದರೆ ಓಟ ನಿಧಾನವಾಗಬೇಕಲ್ಲ? ಮಳೆಗಾಲದಲ್ಲಿ ನಮ್ಮ ರಸ್ತೆಗೊಮ್ಮೆ ಬನ್ನಿ.

ಕಣ: ಹೊಂಡ ಇದ್ದರೆ ವೇಗ ಹೆಚ್ಚುತ್ತದೆ ಎಂದು ನಾಳೆ ಯಾವನೋ ಗುತ್ತಿಗೆದಾರ ಬಿಲ್ಲಿನಲ್ಲಿ ಬರೆದರೆ ನನ್ನ ಹೆಸರು ಹಾಕಬೇಡಿ. ಆ ಹೊಂಡ ದಾರಿಯದು, ನನ್ನ ಒರಟು ಇಂಜಿನ್ನಿನದು. ನಿಮ್ಮ ಸಿಟಿ ಬಸ್ಸು ಇಂಜಿನ್ ಆಫ್ ಮಾಡಿದ ಮೇಲೂ ಅಷ್ಟು ದೂರ ಹೋಗುತ್ತದೆ. ನನ್ನ ಗಾತ್ರದಲ್ಲಿ ತಳ್ಳುವುದು ನಿಂತ ಕ್ಷಣವೇ ಓಟವೂ ನಿಂತಿತು. ನೀರಿನ ತಡೆ ನನ್ನ ಒಟ್ಟು ಗಾತ್ರವನ್ನು ನೋಡುತ್ತದೆಯೇ ಹೊರತು ಮೈಮೇಲಿನ ನ್ಯಾನೊ ಉಬ್ಬುಗಳನ್ನು ಅಷ್ಟಾಗಿ ಲೆಕ್ಕಿಸುವುದಿಲ್ಲ. ಖರ್ಚು ಹೆಚ್ಚುಕಡಿಮೆ ಅಷ್ಟೇ, ಆದಾಯ ಮಾತ್ರ ಜಾಸ್ತಿ.

ಪ್ರಶ್ನೆ: ಹಾಗಾದರೆ ಇಡೀ ಮೈಗೆ ಪ್ಲಾಟಿನಂ ಬಳಿದು ಒರಟು ಮಾಡಬಹುದಲ್ಲ?

ಕಣ: ಸರ್ವಪಕ್ಷ ಸಭೆಯ ಹಾಗೆ ಆಗುತ್ತದೆ: ಎಲ್ಲ ಕಡೆಯಿಂದ ಸಮಬಲದ ತಳ್ಳಾಟ, ಗುಳ್ಳೆ ಬೇಕಾದಷ್ಟು, ಮುಂದಕ್ಕೆ ಒಂದು ಹೆಜ್ಜೆಯೂ ಇಲ್ಲ. ಒರಟು ಒಂದೇ ಪಕ್ಕದಲ್ಲಿದ್ದರೆ ಮಾತ್ರ ಬೆಲೆ. ಗುಳಿಗಳು ಅತಿ ಆಳವಾದರೂ ಲಾಭವಿಲ್ಲ; ತಳ ಮುಟ್ಟುವ ಮೊದಲೇ ಪೆರಾಕ್ಸೈಡ್ ಖರ್ಚಾಗಿರುತ್ತದೆ.

ಪ್ರಶ್ನೆ: ರಕ್ತನಾಳದಲ್ಲಿ ಔಷಧಿ ಹೊತ್ತು ಓಡುತ್ತೀರಂತೆ?

ಕಣ: ಅದು ನಿಮ್ಮವರೇ ಬರೆದ ಸುದ್ದಿ. ಹನಿಗೆ ಸ್ವಲ್ಪ ಉಪ್ಪು ಬಿದ್ದರೂ ನನ್ನ ವೇಗ ಕುಸಿಯುತ್ತದೆ. ನನ್ನನ್ನು ತಳ್ಳುವುದರಲ್ಲಿ ವಿದ್ಯುದಾವೇಶದ ಪಾಲೂ ಉಂಟು ಎನ್ನುವುದಕ್ಕೆ ಅದೇ ಸಾಕ್ಷಿ. ಹಾಗಾಗಿ ಎಲ್ಲವನ್ನೂ ಒರಟುತನದ ಖಾತೆಗೆ ಬರೆಯಬೇಡಿ. ಪಣಂಬೂರು ಕಡಲಿಗೆ ಬಿಟ್ಟರೆ ಅಲೆ ಒಯ್ದಲ್ಲಿಗೆ ಹೋದೇನು. ರಕ್ತವೂ ಉಪ್ಪೇ, ಪೆರಾಕ್ಸೈಡ್ ಅಲ್ಲಿ ವಿಷ ಬೇರೆ. ಆ ಕನಸಿಗೆ ನನಗಿಂತ ಹತ್ತಿರ ಇರುವವರು ಬೆಂಗಳೂರಿನ ಐಐಎಸ್‌ಸಿಯ ಅಂಬರೀಷ್ ಘೋಷ್ ತಂಡದ ಸುರುಳಿಯಾಕಾರದವರು. ಅವರಿಗೆ ಇಂಧನ ಬೇಡ, ತಿರುಗುವ ಕಾಂತಕ್ಷೇತ್ರ ಸಾಕು. ಇನ್ನು ಮೇಲೆ ಯಾರಾದರೂ ನನ್ನ ವೇಗದ ಬಗ್ಗೆ ಭಾಷಣ ಬಿಗಿದರೆ, ಯಾವ ನೀರಿನಲ್ಲಿ ಅಂತ ಮೊದಲು ಕೇಳಿ.