ಕಡತಶುದ್ಧಿ ಮೀಮಾಂಸೆ: ಜಗಳೂರು ತಾಲ್ಲೂಕನ್ನು ಅನುಲಕ್ಷಿಸಿ

ಪಠ್ಯಕಡತದ ಬಾಹ್ಯಾಭ್ಯಂತರ ಮಲಗಳನ್ನು ಶೆಲ್ ಸ್ಕ್ರಿಪ್ಟಿನಿಂದ ನಿವಾರಿಸುವ ಕ್ರಿಯೆಗೆ ವಿಚಾರಸಂಕಿರಣಗಳ ಪರಿಭಾಷೆಯಲ್ಲಿ 'ಪಠ್ಯಸ್ವರೂಪ ಪರಿಷ್ಕರಣ-ಪರಿವರ್ತನ ಪ್ರಕ್ರಿಯಾ ಸಂಕಥನ' ಎಂದು ಹೆಸರು. ಸಾಲಿನ ತುದಿಯ ಕಸ ಗುಡಿಸುವುದು ಎಂದರೆ ಗೌರವಧನ ಹುಟ್ಟುವುದಿಲ್ಲ.

ಮಲಗಳು ಪಂಚವಿಧ. ಪ್ರಥಮ, ರೇಖಾಂತ್ಯಮಲ: ವಿಂಡೋಸ್ ಪ್ರತಿ ಸಾಲಿನ ಕೊನೆಗೆ ಎರಡು ಗುರುತು ಇಡುತ್ತದೆ, ಲಿನಕ್ಸಿಗೆ ಒಂದು ಸಾಕು, ಹೆಚ್ಚಿನದನ್ನು ಟಿಆರ್ ಆಜ್ಞೆ ಅಳಿಸುತ್ತದೆ. ದ್ವಿತೀಯ, ಶಿರೋಮಲ: ಯುಟಿಎಫ್-8 ಕಡತದ ನೆತ್ತಿಯ ಮೇಲೆ ಕೆಲವು ತಂತ್ರಾಂಶಗಳು ಕೂರಿಸುವ 3 ಬೈಟು. ಎರಡೂ ಅಂಟಿದ ಕಡತದಲ್ಲಿ 'ಜಗಳೂರು' ಎಂಬ ಒಂದೇ ಪದವಿದ್ದರೆ ಊರಿನವರ ಲೆಕ್ಕಕ್ಕೆ 4 ಅಕ್ಷರ, ಯುನಿಕೋಡ್ ಲೆಕ್ಕಕ್ಕೆ 6, ಬೈಟಿನ ಲೆಕ್ಕಕ್ಕೆ 18, ಸಾಲಿನ ಕೊನೆಯ ಎರಡೂ ಗುರುತು ಸೇರಿ ಮಲಸಹಿತ 23. ಒಂದು ಪಿಎಚ್‌.ಡಿ.ಗೆ ಇಷ್ಟು ಧಾರಾಳವಾಯಿತು.

ತೃತೀಯ, ಅದೃಶ್ಯಮಲ. ಇದು ಮಲವೇ ಅಲ್ಲ. ಅಗಲವಿಲ್ಲದ ಗುರುತುಗಳನ್ನೆಲ್ಲ ಕಸವೆಂದು ಸೆಡ್ ಆಜ್ಞೆಯಿಂದ ಸವರಿಹಾಕಿದರೆ 'ರಾಜ್‌ಕುಮಾರ್' ಹೋಗಿ ಕಕಾರದ ಒತ್ತು ಬಿದ್ದ 'ರಾಜ್ಕುಮಾರ್' ಆಗುತ್ತಾರೆ. ಉಳಿದೆರಡು ಮಲಗಳನ್ನು ಆಸಕ್ತರು ಊಹಿಸಿಕೊಳ್ಳಬಹುದು. ಪಂಚವಿಧ ಎಂದದ್ದು ಗಾಂಭೀರ್ಯಕ್ಕೆ.

ಇನ್ನು ಪರಿವರ್ತನೆ. 1997ರಲ್ಲಿ ಜಗಳೂರು ತಾಲ್ಲೂಕು ಚಿತ್ರದುರ್ಗ ಜಿಲ್ಲೆಯಿಂದ ಹೊಸ ದಾವಣಗೆರೆ ಜಿಲ್ಲೆಗೆ ಸೇರಿತು. ಸರ್ಕಾರದ ಈ ಕೆಲಸವನ್ನು ಸೆಡ್, 'ಚಿತ್ರದುರ್ಗ'ದ ಜಾಗದಲ್ಲಿ 'ದಾವಣಗೆರೆ' ಇಟ್ಟು, ಒಂದೇ ಸಾಲಿನಲ್ಲಿ ಮುಗಿಸುತ್ತದೆ. ಆಜ್ಞೆಯ ಕೊನೆಗೆ 'ಜಿ' ಸೇರಿಸದಿದ್ದರೆ ಪ್ರತಿ ಸಾಲಿನ ಮೊದಲ ಚಿತ್ರದುರ್ಗ ಮಾತ್ರ ಬದಲಾಗುತ್ತದೆ. ಸೇರಿಸಿದರೆ 'ಚಿತ್ರದುರ್ಗದ ಕೋಟೆ' ಎಂಬುದು 'ದಾವಣಗೆರೆದ ಕೋಟೆ'ಯಾಗಿ ಇತಿಹಾಸವೂ ವ್ಯಾಕರಣವೂ ಒಟ್ಟಿಗೆ ಕೆಡುತ್ತವೆ. ಈ ಸೀಮೆಯವರು ಬರೀ 'ದುರ್ಗ' ಎನ್ನುತ್ತಾರಲ್ಲ ಎಂದು ಅಷ್ಟನ್ನೇ ಬದಲಿಸಹೊರಟರೆ ತಾಲ್ಲೂಕಿನ ರಂಗಯ್ಯನದುರ್ಗದ ಕೊಂಡುಕುರಿಗಳು ರಂಗಯ್ಯನದಾವಣಗೆರೆಗೆ ಗುಳೆ ಹೋಗುತ್ತವೆ.

ಇವೆಲ್ಲ ಸಣ್ಣ ತೊಂದರೆಗಳು. ಕಚೇರಿಗಳಲ್ಲಿ, ಡಿಟಿಪಿ ಅಂಗಡಿಗಳಲ್ಲಿ 'ನುಡಿ' ತಂತ್ರಾಂಶದ ಹಳೆಯ ಫಾಂಟು ಹಾಕಿ ಟೈಪ್ ಮಾಡಿದ ಕಡತದೊಳಗೆ ಕನ್ನಡವೇ ಇಲ್ಲ. ಇರುವುದು ರೋಮನ್ ಅಕ್ಷರ, ಯುರೋಪಿನ ಚಿಹ್ನೆ. ಕನ್ನಡದ ಆಕಾರ ಫಾಂಟಿನದು. ಅಕ್ಷರಸಂಕೇತ ಬದಲಿಸುವ ಐಕಾನ್‌ವಿ ಆಜ್ಞೆಗೆ ಇದರ ಪರಿಚಯವಿಲ್ಲ. ಚಿಹ್ನೆಗೊಂದು ಅಕ್ಷರದಂತೆ ಪಟ್ಟಿ ಮಾಡಿ ಬದಲಿಸಿದರೂ ಸಾಲದು: 'ಕರ್ನಾಟಕ'ದ ಅರ್ಕಾವತ್ತು ಅಲ್ಲಿ 'ನಾ' ಆದಮೇಲೆ ಕೂತಿರುತ್ತದೆ, ಯುನಿಕೋಡಿನಲ್ಲಿ ಅದು 'ರ್' ಆಗಿ 'ನಾ'ಕ್ಕಿಂತ ಮೊದಲು ಬರಬೇಕು. ಒತ್ತಕ್ಷರ ಅಲ್ಲಿ ಸ್ವರಚಿಹ್ನೆಯ ನಂತರ, ಇಲ್ಲಿ ಮೊದಲು. ಸ್ಕ್ರಿಪ್ಟು ಬರೆಯುವವರು ಚಿಹ್ನೆಯ ಜೊತೆ ಜಾಗವನ್ನೂ ಬದಲಿಸಬೇಕು.

ಯುನಿಕೋಡಿನಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿದ್ದು 1991ರಲ್ಲಿ. ಇಷ್ಟು ವರ್ಷವಾದ ಮೇಲೂ 'ಯುನಿಕೋಡ್ ಬೇಡ, ನುಡಿಯಲ್ಲೇ ಕಳಿಸಿ' ಎನ್ನುವವರಿದ್ದಾರೆ. ಅವರೇ ನವೆಂಬರಿನಲ್ಲಿ ಶಾಲು ಹೊದ್ದು 'ಗಣಕಯುಗದಲ್ಲಿ ಕನ್ನಡದ ಅಸ್ಮಿತೆ' ಎಂದು ಭಾಷಣ ಮಾಡುತ್ತಾರೆ. ಅದಕ್ಕಿಂತ ನಾಚಿಕೆಗೇಡು ಯಾವುದಿದೆ? ಬರದ ವರದಿ, ಕೆರೆ ಹೂಳಿನ ಅರ್ಜಿ, ಮುದುಕಿಯರ ಬಾಯಿಂದ ಕೇಳಿ ಬರೆದುಕೊಂಡ ಸೋಬಾನೆ ಪದ, ಎಲ್ಲವನ್ನೂ ಯಾರೋ ಕೂಲಿಗೆ ಕೂತು ಆ ಹಳೆಯ ಫಾಂಟಿನಲ್ಲೇ ಟೈಪ್ ಮಾಡಿದ್ದಾರೆ. ಗ್ರೆಪ್ ಆಜ್ಞೆ ಹಾಕಿ 'ಕೆರೆ' ಎಂದು ಹುಡುಕಿದರೆ ಒಂದು ಕೆರೆಯೂ ಸಿಗುವುದಿಲ್ಲ. ಬರೆದವರ ಊರಿಗೇ ಆ ಬರಹ ಇಲ್ಲವಾಗಿದೆ.

ಸೆಡ್‌ಗೆ 'ಐ' ಆಯ್ಕೆ ಕೊಟ್ಟರೆ ಮೂಲ ಕಡತವೇ ತಿದ್ದಿಹೋಗುತ್ತದೆ. ಮೊದಲು ಸಿಪಿ ಆಜ್ಞೆಯಿಂದ ಪ್ರತಿ ತೆಗೆದಿಡಬೇಕು. ಹಳತು-ಹೊಸತನ್ನು ಡಿಫ್‌ನಿಂದ ಹೋಲಿಸಿದರೆ ಕನ್ನಡವಿದ್ದ ಪ್ರತಿ ಸಾಲೂ ಬೇರೆ ಎಂದೇ ಅದು ಹೇಳುತ್ತದೆ. ಆದ್ದರಿಂದ ಪರಿವರ್ತಿತ ಕಡತವನ್ನು ಮುದ್ರಿಸಿ, ಕರಡು ತಿದ್ದುವವರ ಕೈಗೆ ಕೆಂಪು ಪೆನ್ನಿನೊಡನೆ ಕೊಡತಕ್ಕದ್ದು.