ನೇರಳೆ ಬಳೆಯೂ ಮದಲೂರು ಕೆರೆಯೂ

ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ ವಿಲ್ ಬೋವೆನ್ ಎಂಬ ಪಾದ್ರಿಗೆ 2006ರಲ್ಲಿ ಒಂದು ಉಪಾಯ ಹೊಳೆಯಿತು. ತಮ್ಮ ಸಭೆಯವರಿಗೆಲ್ಲ ಒಂದೊಂದು ನೇರಳೆ ಬಣ್ಣದ ರಬ್ಬರ್ ಬಳೆ ಹಂಚಿದರು. ಬಾಯಿಂದ ದೂರೊಂದು ಹೊರಬಿತ್ತೋ, ಬಳೆ ಈ ಕೈಯಿಂದ ಆ ಕೈಗೆ ಹೋಗಬೇಕು, ಲೆಕ್ಕ ಮತ್ತೆ ಒಂದರಿಂದ ಶುರು. ಹೀಗೆ ಸತತ 21 ದಿನ ಬಳೆ ಕದಲದೆ ಒಂದೇ ಕೈಯಲ್ಲಿ ಉಳಿದರೆ ದೂರುವ ಚಾಳಿ ಬಿಟ್ಟಿತೆಂದು ಅರ್ಥ. ಬಳೆ ಲಕ್ಷಗಟ್ಟಲೆ ಹಂಚಿಹೋಯಿತು, ಪುಸ್ತಕ ಬಂತು, ಓಪ್ರಾ ವಿನ್‌ಫ್ರೀ ಟೀವಿಗೆ ಕರೆದರು. ಇಷ್ಟು ಒಳ್ಳೆಯ ಸರಕು ಶಿರಾ ತಾಲ್ಲೂಕಿಗೆ ಮಾತ್ರ ಇನ್ನೂ ಬಂದಿಲ್ಲ ಎಂಬುದು ನನ್ನ ದೂರು.

ಬಂದರೆ ಮೊದಲ ಲೋಡು ಮದಲೂರಿಗೇ ಇಳಿಯಬೇಕು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಮದಲೂರು ಒಂದು ಊರು, ಊರಿಗಿಂತ ಹೆಚ್ಚಾಗಿ ಒಂದು ಕೆರೆ, ಕೆರೆಗಿಂತ ಹೆಚ್ಚಾಗಿ ಒಂದು ಚುನಾವಣಾ ವಿಷಯ. ಹೇಮಾವತಿ ಹುಟ್ಟುವುದು ಮೂಡಿಗೆರೆ ಕಡೆ, ಅದಕ್ಕೆ ಕಟ್ಟೆ ಬಿದ್ದಿರುವುದು ಹಾಸನದ ಗೊರೂರಿನಲ್ಲಿ. ಅಲ್ಲಿಂದ ನೀರು ಬಾಗೂರು-ನವಿಲೆ ಸುರಂಗದಲ್ಲಿ ನುಸುಳಿ, ತುಮಕೂರು ನಾಲೆ ಹಿಡಿದು, ದಾರಿಯುದ್ದದ ತಾಲ್ಲೂಕುಗಳವರ ಕಣ್ಣು ತಪ್ಪಿಸಿಕೊಂಡು ಕಳ್ಳಂಬೆಳ್ಳ ಕೆರೆ ಸೇರಬೇಕು, ಅಲ್ಲಿಂದ ಶಿರಾ ಕೆರೆಗೆ ಇಳಿಯಬೇಕು, ಅಲ್ಲಿ ಉಳಿದದ್ದು ಮದಲೂರಿಗೆ ಬರಬೇಕು. ಉಳಿದರೆ ತಾನೆ?

2020ರಲ್ಲಿ ಶಾಸಕ ಬಿ. ಸತ್ಯನಾರಾಯಣ ತೀರಿಕೊಂಡು ಶಿರಾಕ್ಕೆ ಉಪಚುನಾವಣೆ ಬಂತು. ನವೆಂಬರ್ 3ಕ್ಕೆ ಮತದಾನ. ಅದಕ್ಕೆ ಕೆಲವೇ ದಿನ ಮುಂಚೆ ಆಗಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಮದಲೂರಿಗೇ ಬಂದು, ಆರು ತಿಂಗಳಲ್ಲಿ ಕೆರೆ ತುಂಬಿಸುವ ಮಾತು ಕೊಟ್ಟರು. ಶಿರಾದಲ್ಲಿ ಅದುವರೆಗೂ ಗೆಲ್ಲದಿದ್ದ ಬಿಜೆಪಿ ಗೆದ್ದಿತು. ಗೆದ್ದ ಮೇಲೆ, ಹೇಮಾವತಿ ಹಂಚಿಕೆಯಲ್ಲಿ ಮದಲೂರು ಕೆರೆಗೆ ಪಾಲೇ ಇಲ್ಲವಲ್ಲ ಎಂಬ ಮಾತು ಸರ್ಕಾರದ ಕಡೆಯಿಂದಲೇ ಹೊರಟಿತು. 2023ರಲ್ಲಿ ಕಾಂಗ್ರೆಸ್ಸಿನ ಟಿ.ಬಿ. ಜಯಚಂದ್ರ ಗೆದ್ದರು. ಅವರೂ ವರ್ಷಗಳಿಂದ ಇದೇ ಕೆರೆಯ ಮಾತಾಡಿಕೊಂಡು ಬಂದವರೇ. ಶಾಸಕರು ಬದಲಾದರು, ಪಕ್ಷ ಬದಲಾಯಿತು, ಭಾಷಣದೊಳಗಿನ ಮದಲೂರು ಕೆರೆ ಮಾತ್ರ ಯಾವ ಬೇಸಿಗೆಯಲ್ಲೂ ಬತ್ತಲಿಲ್ಲ. ನಡುವೆ 2022ರಲ್ಲಿ ಯಾರ ಮತವನ್ನೂ ಕೇಳದೆ ಮಳೆ ಸುರಿದು ಜಿಲ್ಲೆಯ ಎಷ್ಟೋ ಕೆರೆಗಳು ಕೋಡಿ ಬಿದ್ದವು. ಬಾಗಿನ ಬಿಟ್ಟವರ ಫೋಟೊ ಪೇಪರಿನಲ್ಲಿ ಬಂತು, ಮೋಡದ್ದು ಬರಲಿಲ್ಲ.

ದೂರಿನಲ್ಲಿ ಮದಲೂರು ಒಂಟಿಯಲ್ಲ. ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ನಾಲ್ಕಕ್ಕೂ ಸಿಲಬಸ್ ಒಂದೇ: ನೀರು. ಪಾವಗಡದ ಕೊಳವೆಬಾವಿಯಲ್ಲಿ ಫ್ಲೋರೈಡ್. ಅದೇ ಪಾವಗಡದ ತಿರುಮಣಿಯಲ್ಲಿ ಸುಮಾರು 13,000 ಎಕರೆಗೆ ಗಾಜು ಹಾಸಿ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕು ಮಾಡಿದ್ದಾರೆ. ನಮ್ಮ ಸೀಮೆಯಲ್ಲಿ ಸರ್ಕಾರಕ್ಕೆ ಪ್ರಯೋಜನ ಕಂಡ ಏಕೈಕ ಬೆಳೆ ಬಿಸಿಲು. ಈ ಕಡೆಗೂ ನೀರು ತರಬೇಕಾದ ಭದ್ರಾ ಮೇಲ್ದಂಡೆ ಯೋಜನೆಗೆ 5,300 ಕೋಟಿ ರೂಪಾಯಿ ಕೊಡುತ್ತೇವೆಂದು 2023ರ ಕೇಂದ್ರ ಬಜೆಟ್ಟಿನಲ್ಲಿ ಓದಿದರು. ಹಣ ಬಂದಿಲ್ಲವೆಂದು ರಾಜ್ಯ ಕೇಂದ್ರವನ್ನು ದೂರುತ್ತದೆ, ರಾಜ್ಯದ ಕಾಗದಪತ್ರ ಸರಿಯಿಲ್ಲವೆಂದು ಕೇಂದ್ರದ ಕಡೆಯವರು ರಾಜ್ಯವನ್ನು ದೂರುತ್ತಾರೆ. ದೊಡ್ಡವರು ಹೀಗೆ ದೂರಿದರೆ ಹಕ್ಕೊತ್ತಾಯ. ಮದಲೂರಿನ ಕಡಲೆಕಾಯಿ ಬೆಳೆಗಾರ ದೂರಿದರೆ ಗೊಣಗಾಟ. ಬಳೆ ಯಾರ ಕೈಗೆ ಹೋಗಬೇಕೆಂದು ಕೇಳುವ ಅಗತ್ಯವೇ ಇಲ್ಲ. ಮೊದಲು ಚಳವಳಿಗಾರರು ಕೆಲಸ ಮಾಡದ ಅಧಿಕಾರಿಗಳಿಗೆ ಬಳೆ, ಅರಿಸಿನ, ಕುಂಕುಮ ಕೊಡುತ್ತಿದ್ದರು. (ಬಳೆ ತೊಟ್ಟು ಹೊಲ, ಹಟ್ಟಿ, ಒಲೆ ಮೂರನ್ನೂ ನಿಭಾಯಿಸುವ ಹೆಂಗಸರಿಗೆ ಅದರಷ್ಟು ಅವಮಾನ ಬೇರೆ ಇಲ್ಲ.) ಇನ್ನು ಮೇಲೆ ಅಧಿಕಾರಿಗಳೇ ಜನಕ್ಕೆ ಬಳೆ ಕೊಡಬಹುದು. ಟೆಂಡರು ಸಣ್ಣದು, ಕಮಿಷನ್ನಿಗೆ ಅಡ್ಡಿಯಿಲ್ಲ. ಕೆರೆ ತುಂಬಿಸುವುದಕ್ಕಿಂತ ಬಾಯಿ ಮುಚ್ಚಿಸುವುದು ಯಾವಾಗಲೂ ಅಗ್ಗ.

ಈ ಯೋಜನೆಗೆ ನಮ್ಮ ಕಡೆಯ ಪುಟ್ಟ ಪುಟ್ಟ ಕ್ರೈಸ್ತ ಸಭೆಗಳಿಂದ ಪ್ರಚಾರ ಪುಕ್ಕಟೆ. ಯಾವುದೇ ಭಾನುವಾರ ಹೋಗಿ ಕೂತರೂ ಈ ಪ್ರಸಂಗ ಕಿವಿಗೆ ಬೀಳುತ್ತದೆ: ಗೊಣಗಬೇಡಿ. ಇಸ್ರಾಯೇಲ್ಯರು ಅರಣ್ಯದಲ್ಲಿ ಗೊಣಗಿದ್ದಕ್ಕೆ ಏನಾಯಿತು ನೋಡಿ. ಆರಾಧನೆ ಮುಗಿದು ಹೊರಗೆ ಬಂದ ಮೇಲೆ ಪಾದ್ರಿ ಅಯ್ಯನವರ ಜೊತೆ ನಡೆಯುವ ಮಾತು ಹೀಗಿರುತ್ತದೆ ಅಂದುಕೊಳ್ಳಿ.

“ಅಯ್ನೋರೇ, ನಮ್ ಬೀದಿಗೆ ಟ್ಯಾಂಕರ್ ಬಂದು ಹತ್ತು ದಿನ ಆತು.”

“ಇರೋದಕ್ಕೆ ಸ್ತೋತ್ರ ಮಾಡಮ್ಮ.”

“ಮಾಡ್ತೀನಿ ಸ್ವಾಮಿ. ಇರೋದು ಖಾಲಿ ಬಿಂದಿಗೆ. ಅದಕ್ಕೇ ಮಾಡ್ಲಾ?”

ಅಯ್ಯನವರು ಆ ಹೊತ್ತಿಗೆ ಬೈಕ್ ಹತ್ತಿರುತ್ತಾರೆ.

ಅಯ್ಯನವರಿಗೂ ಅವರದೇ ಕಾರಣಗಳಿವೆ. ನಮ್ಮ ಸಭೆಯವರ ಬಾಯಿ ಸಾಮಾನ್ಯದ್ದಲ್ಲ. ಫ್ಯಾನು ಹಾಕಿದರೆ ಶೀತ, ಆರಿಸಿದರೆ ಸೆಖೆ. ಪ್ರಸಂಗ ಉದ್ದವಾದರೆ ಮನೆಯಲ್ಲಿ ಸಾರು ಸೀಯುತ್ತದೆ, ಗಿಡ್ಡವಾದರೆ ಅಯ್ಯನವರು ಓದಿಕೊಂಡು ಬಂದಿಲ್ಲ. ಸುಗ್ಗಿ ಹಬ್ಬದ ಹರಾಜಿನಲ್ಲಿ ದೇವರಿಗೆಂದು ಕೂಗಿ ಕುಂಬಳಕಾಯಿ ಹಿಡಿದವರು ವರ್ಷಪೂರ್ತಿ ಅದರ ರೇಟನ್ನೇ ಹೇಳುತ್ತಾರೆ. ಇನ್ನು ಪ್ರಾರ್ಥನಾ ಕೂಟ. “ಅವರ ಮಗಳ ವಿಷಯಕ್ಕೆ ಪ್ರಾರ್ಥನೆ ಮಾಡ್ಬೇಕು, ಹೆಸರು ಬೇಡ, ಮೂರನೇ ಬೆಂಚಿನೋರು” ಅಂದರೆ ಪ್ರಾರ್ಥನೆಯ ಹೆಸರಿನಲ್ಲಿ ಇಡೀ ಹೋಬಳಿಗೆ ಸುದ್ದಿ ಮುಟ್ಟಿತು. ಇಂಥ ಬಾಯಿಗೆ ಬೋವೆನ್ ಅವರ ಬಳೆ ಒಂದು ಕೈಗಲ್ಲ, ಎರಡೂ ಕೈಗೆ ಡಜನ್ ಲೆಕ್ಕದಲ್ಲಿ ಬೇಕು. ಗೊಣಗಾಟ ಪಾಪವೆಂದು ಬೈಬಲ್ ಹೇಳುವುದರಲ್ಲಿ ನನಗೆ ತಕರಾರಿಲ್ಲ.

ತಕರಾರು ಇರುವುದು ಪ್ರಸಂಗದಲ್ಲಿ ಬಿಟ್ಟುಹೋಗುವ ಪುಟಗಳ ಬಗ್ಗೆ. ಬೈಬಲಿನ ಅರಣ್ಯಕಾಂಡದ 11ನೇ ಅಧ್ಯಾಯವನ್ನೇ ತೆಗೆಯಿರಿ. ದಿನಾ ಬೆಳಗ್ಗೆ ಮನ್ನ ಉದುರುತ್ತಿದೆ, ಹೊಟ್ಟೆಗೆ ಕೊರತೆಯಿಲ್ಲ. ಆದರೂ ಜನಕ್ಕೆ ಐಗುಪ್ತದ ನೆನಪು: ಮೀನು, ಸವತೆಕಾಯಿ, ಕರ್ಬೂಜ, ಈರುಳ್ಳಿ, ಬೆಳ್ಳುಳ್ಳಿ. ಅಲ್ಲಿ ಬೆನ್ನ ಮೇಲೆ ಬೀಳುತ್ತಿದ್ದ ಚಾವಟಿಯೊಂದು ಮಾತ್ರ ಮರೆತುಹೋಗಿತ್ತು. ಮನೆಮನೆಯವರು ಅವರವರ ಡೇರೆಯ ಬಾಗಿಲಲ್ಲಿ ಕೂತು ಅತ್ತರು. ದೇವರು ಸಿಟ್ಟಾಗಿ ಮೂಗಿನಿಂದ ಹೊರಬರುವಷ್ಟು ಲಾವಕ್ಕಿ ಕಳಿಸಿದ, ಹಿಂದೆಯೇ ವ್ಯಾಧಿಯೂ ಬಂತು. ಅಯ್ಯನವರು ಇಲ್ಲಿಗೆ ಆಮೆನ್ ಹೇಳುತ್ತಾರೆ. ಅದೇ ಅಧ್ಯಾಯದಲ್ಲಿ ಇನ್ನೊಬ್ಬ ದೂರುಗಾರನಿದ್ದಾನೆ: ಅವರ ನಾಯಕ ಮೋಶೆ. ಈ ಜನವನ್ನೆಲ್ಲ ನಾನೇ ಹೆತ್ತೆನೇ, ಇವರನ್ನು ಹೊರುವುದಕ್ಕಿಂತ ನನ್ನನ್ನು ಕೊಂದುಬಿಡು ಎಂದು ದೇವರ ಮುಂದೆ ನಿಂತು ಕೂಗಾಡುತ್ತಾನೆ. ಅವನಿಗೆ ಪ್ಲೇಗು ಬರಲಿಲ್ಲ. ಹೊರೆ ಹಂಚಿಕೊಳ್ಳಲು ಎಪ್ಪತ್ತು ಮಂದಿ ಹಿರಿಯರು ಸಿಕ್ಕರು.

ಅದೇ ಪುಸ್ತಕದ 27ನೇ ಅಧ್ಯಾಯಕ್ಕೆ ಬನ್ನಿ. ಮನಸ್ಸೆ ಕುಲದ ಐವರು ಅಕ್ಕತಂಗಿಯರು. ಅಪ್ಪ ಸತ್ತಿದ್ದಾನೆ, ಗಂಡುಮಕ್ಕಳಿಲ್ಲ, ಹೆಣ್ಣಿಗೆ ಆಸ್ತಿಯಲ್ಲಿ ಪಾಲಿಲ್ಲ. ಇವರು ತಮ್ಮ ಡೇರೆಯ ಬಾಗಿಲಲ್ಲಿ ಕೂತು ಅಳಲಿಲ್ಲ. ದೇವದರ್ಶನದ ಗುಡಾರದ ಬಾಗಿಲಿಗೇ ಹೋಗಿ ಮೋಶೆ, ಯಾಜಕ, ಕುಲಪತಿಗಳು, ಸಮಸ್ತ ಜನ ಎಲ್ಲರೆದುರು ನಿಂತು ನಮ್ಮ ಭೂಮಿ ಕೊಡಿ ಎಂದರು. ಹೆಣ್ಣುಮಕ್ಕಳು ಹೇಳುವುದು ಸರಿಯಾಗಿದೆ ಎಂದು ದೇವರೇ ತೀರ್ಪು ಕೊಟ್ಟ, ಕಾನೂನೇ ಬದಲಾಯಿತು. ಒಂದೇ ಪುಸ್ತಕ, ಎರಡು ಬಾಗಿಲು. ನಾವು ದಿನಾ ಕೂರುವುದು ಮೊದಲನೆಯದರಲ್ಲಿ, ಟೀ ಅಂಗಡಿಯದು. ಅಲ್ಲಿ ಕೂತು ಮಾಡಿದ ದೂರು ಟೀ ಜೊತೆ ಇಳಿದುಹೋಗುತ್ತದೆ, ಯಾವ ನಾಯಕನ ನಿದ್ದೆಯೂ ಕೆಡುವುದಿಲ್ಲ. ನಿಜ ಹೇಳಬೇಕೆಂದರೆ ಗೊಣಗುವ ಜನ ಅಧಿಕಾರಕ್ಕೆ ಅಚ್ಚುಮೆಚ್ಚು, ಒಳಗಿನ ಬಿಸಿಯೆಲ್ಲ ಬಾಯಲ್ಲೇ ಆರಿರುತ್ತದೆ.

ನೀರಿನ ವಿಷಯಕ್ಕೇ ಬಂದರೆ ಬೈಬಲ್ ಇನ್ನೂ ಖಡಕ್ಕು. ಮಾರಾದ ನೀರು ಕಹಿ ಎಂದು ಜನ ದೂರಿದಾಗ ದೇವರು ಬೈಯಲಿಲ್ಲ, ನೀರನ್ನು ಸಿಹಿ ಮಾಡಿದ. (ಪಾವಗಡದವರು ಈ ವಾಕ್ಯಕ್ಕೆ ಅಡಿಗೆರೆ ಹಾಕಿಕೊಳ್ಳಬಹುದು.) ರೆಫೀದೀಮಿನಲ್ಲಿ ನೀರೇ ಇಲ್ಲವೆಂದು ಜಗಳ ತೆಗೆದಾಗ ಹೋರೇಬಿನ ಬಂಡೆಯಿಂದ ನೀರು ಬಂತು. ಆ ಜಗಳದ ನೆನಪಿಗೆ ಊರಿಗೆ ಕೆಟ್ಟ ಹೆಸರು ಉಳಿಯಿತು ನಿಜ, ಆದರೆ ಯಾರೂ ಬಾಯಾರಿ ಸಾಯಲಿಲ್ಲ. ಬಾಡೂಟಕ್ಕೆ ಅತ್ತವರಿಗೆ ವ್ಯಾಧಿ, ನೀರಿಗೆ ಕೂಗಿದವರಿಗೆ ನೀರು. ಮೆರೀಬದಲ್ಲಿ ಮತ್ತೊಮ್ಮೆ ನೀರಿಗೆ ಗಲಾಟೆಯಾದಾಗಲಂತೂ ಜನಕ್ಕೂ ದನಕ್ಕೂ ನೀರು ಸಿಕ್ಕಿತು, ಶಿಕ್ಷೆ ಬಿದ್ದದ್ದು ನಾಯಕನಿಗೆ. ಬಂಡೆಗೆ ಮಾತಾಡು ಎಂದಿದ್ದರೆ ಕೋಲಿನಿಂದ ಹೊಡೆದ ಮೋಶೆಗೆ ಕಾನಾನ್ ಪ್ರವೇಶ ರದ್ದಾಯಿತು. ನೀರು ಕೊಟ್ಟ ರೀತಿ ಸರಿಯಿಲ್ಲವೆಂದು ನಲವತ್ತು ವರ್ಷದ ಸೇವೆಗೆ ಆ ದಂಡ. ನಮ್ಮಲ್ಲಿ ನೀರೇ ಕೊಡದವರಿಗೂ ವಿಧಾನಸೌಧದ ಬಾಗಿಲು ತೆರೆದೇ ಇರುತ್ತದೆ.

ಗೊಣಗದೆ ಎಲ್ಲವನ್ನೂ ಮಾಡಿ ಎಂಬ ಅರ್ಥದ ಬುದ್ಧಿವಾದವನ್ನು ಪೌಲ ಬರೆದದ್ದು ಫಿಲಿಪ್ಪಿಯ ಸಭೆಗೆ. ಬಳೆಯವರಿಗೂ ಪ್ರಸಂಗದವರಿಗೂ ಅದು ಬಾಯಿಪಾಠ. ಆದರೆ ಅದೇ ಫಿಲಿಪ್ಪಿ ಊರಿನಲ್ಲಿ ಪೌಲ ನಡೆದುಕೊಂಡದ್ದು ಹೇಗೆ? ವಿಚಾರಣೆಯಿಲ್ಲದೆ ಬಹಿರಂಗವಾಗಿ ಬೆತ್ತದಿಂದ ಹೊಡೆದು, ಕಾಲಿಗೆ ಕೋಳ ಹಾಕಿ, ಅವನನ್ನೂ ಜೊತೆಗಾರ ಸೀಲನನ್ನೂ ಸೆರೆಗೆ ತಳ್ಳಿದರು. ಮಧ್ಯರಾತ್ರಿ ಇಬ್ಬರೂ ಕೀರ್ತನೆ ಹಾಡಿದರು. ಬೆಳಗಾದ ಮೇಲೆ ಅಧಿಕಾರಿಗಳು ಇವರನ್ನು ಸದ್ದಿಲ್ಲದೆ ಬಿಟ್ಟುಬಿಡಿ ಎಂದು ಹೇಳಿಕಳಿಸಿದರು. ಪೌಲ ಸ್ತೋತ್ರ ಹೇಳಿ ಹೊರಟನೇ? ಇಲ್ಲ. ನಾವು ರೋಮ್ ಪೌರರು, ಹೊಡೆದದ್ದು ಎಲ್ಲರೆದುರು, ಈಗ ಗುಟ್ಟಾಗಿ ಕಳಿಸುವುದೇ, ಅವರೇ ಬಂದು ಬಿಡಿಸಲಿ ಎಂದು ಪಟ್ಟು ಹಿಡಿದ. ಅವರು ಹೆದರಿ, ತಾವೇ ಬಂದು, ಸಮಾಧಾನ ಹೇಳಿ ಹೊರಗೆ ಕರೆತಂದರು. ನಮ್ಮ ಪ್ರಸಂಗಗಳಲ್ಲಿ ಮಧ್ಯರಾತ್ರಿಯ ಹಾಡು ತಪ್ಪದೆ ಬರುತ್ತದೆ, ಬೆಳಗಿನ ಪಟ್ಟು ಬರುವುದಿಲ್ಲ.

ಯೆರೂಸಲೇಮಿನ ಮೊದಲ ಸಭೆಯಲ್ಲೂ ಗೊಣಗಾಟ ಎದ್ದಿತ್ತು. ದಿನದ ಊಟ ಹಂಚುವಾಗ ಗ್ರೀಕ್ ಮಾತಿನ ವಿಧವೆಯರನ್ನು ಕಡೆಗಣಿಸುತ್ತಿದ್ದರು. ಅಪೊಸ್ತಲರು ಇರೋದಕ್ಕೆ ಸ್ತೋತ್ರ ಮಾಡಿ ಎನ್ನಲಿಲ್ಲ. ಏಳು ಮಂದಿಯನ್ನು ಆರಿಸಲು ಸಭೆಗೇ ಹೇಳಿ, ಅವರನ್ನು ನೇಮಿಸಿ ಹಂಚಿಕೆ ಸರಿಪಡಿಸಿದರು. ಆರನೇ ಶತಮಾನದಲ್ಲಿ ಸಂತ ಬೆನೆಡಿಕ್ಟ್ ತನ್ನ ಮಠಗಳಿಗೆ ನಿಯಮ ಬರೆದಾಗ ಗೊಣಗುವ ಸನ್ಯಾಸಿಯನ್ನು ಖಂಡಿಸಿದ್ದು ಒಂದೆರಡು ಸಲವಲ್ಲ. ಆದರೆ ನ್ಯಾಯವಾಗಿ ಗೊಣಗಲು ಕಾರಣವೇ ಇಲ್ಲದ ಹಾಗೆ ಊಟ, ಕೆಲಸಗಳನ್ನು ಹೊಂದಿಸುವ ಹೊಣೆಯನ್ನು ಮಠಾಧಿಪತಿಯ ತಲೆಗೇ ಕಟ್ಟಿದ. ಬಳೆಯ ಪ್ರಚಾರದಲ್ಲಿ ಈ ಅರ್ಧ ಕಾಣುವುದಿಲ್ಲ. ಕಾನ್ಸಾಸ್ ಸಿಟಿಯಲ್ಲಿ ನಲ್ಲಿ ತಿರುಗಿಸಿದರೆ ನೀರು ಬರುತ್ತದೆ. ಅಲ್ಲಿ ಉಳಿದಿರುವ ದೂರು ಕಾಫಿ ಆರಿಹೋಗಿದೆ ಎಂಬಂಥದ್ದು, ಅದಕ್ಕೆ ರಬ್ಬರ್ ಬಳೆ ಸಾಕು.

ಆದ್ದರಿಂದ ಮದಲೂರಿನವರಲ್ಲಿ, ಕ್ರೈಸ್ತರಲ್ಲೂ ಅಲ್ಲದವರಲ್ಲೂ ಒಂದೇ ವಿನಂತಿ. ಸೊಸೆಯ ಸಾರು, ಪಕ್ಕದವರ ಹೊಸ ಬೈಕು, ಮೂರನೇ ಬೆಂಚಿನ ಹುಡುಗಿ, ಇವಿಷ್ಟರ ಬಗ್ಗೆ ಇವತ್ತಿನಿಂದಲೇ ಬಾಯಿ ಮುಚ್ಚಿ, ಯಾವ ಬಳೆಯೂ ಬೇಡ. ಕೆರೆಯ ವಿಷಯ ಟೀ ಅಂಗಡಿಯಲ್ಲಿ ಆಡಿ ಮುಗಿಸಬೇಡಿ. ಮುಂದಿನ ಸಲ ಯಾರೇ ವೇದಿಕೆ ಹತ್ತಿ ಕೆರೆ ತುಂಬಿಸುತ್ತೇವೆಂದರೂ ಚಪ್ಪಾಳೆಗೆ ಮುಂಚೆ ಕೇಳಿ: ಹಂಚಿಕೆ ಎಷ್ಟು, ಆದೇಶದ ಸಂಖ್ಯೆ ಯಾವುದು, ತಾರೀಕು ಯಾವುದು? ಬಾಯಲ್ಲಿ ಉತ್ತರ ಸಿಗದಿದ್ದರೆ ಬರೆದು ಕೇಳಿ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಶುಲ್ಕ 10 ರೂಪಾಯಿ, ಉತ್ತರ ಕೊಡಲು ಅವರಿಗೆ 30 ದಿನ.