ಎಲೆಗೊಂದು ಅಂಗಿ

ನಮ್ಮ ಮಂಡ್ಯ ಸೀಮೆಯಲ್ಲಿ ಇಸ್ಪೀಟಿನ ಕಟ್ಟಿಗೆ ಆಯಸ್ಸು ಗಟ್ಟಿಯಿಲ್ಲ. ಯುಗಾದಿಯ ಬೆಳಿಗ್ಗೆ ಹೊಳೆಯುತ್ತಾ ಬಂದದ್ದು, ಮಾರನೆಯ ಸಂಜೆ ಚಂದ್ರ ಕಾಣುವಷ್ಟರಲ್ಲಿ ಹಣ್ಣಾಗಿರುತ್ತದೆ. ಕಳಾವರ್ ರಾಜನ ಕಿವಿ ಮಡಚಿರುತ್ತದೆ, ಆಟೀನು ರಾಣಿಯ ಕೆನ್ನೆಗೆ ಎಲೆಅಡಿಕೆಯ ರಸ ಮೆತ್ತಿರುತ್ತದೆ. ಒಂದು ಎಲೆ ಕಳೆದುಹೋದರೂ ಆಟವೇನೂ ನಿಲ್ಲುವುದಿಲ್ಲ. ಸಿಗರೇಟು ಪ್ಯಾಕಿನ ರಟ್ಟು ಹರಿದು, ಪೆನ್ನಿನಲ್ಲಿ ‘ಇಸ್ಪೀಟ್ 7’ ಎಂದು ಬರೆದು ಕಲಸಿಬಿಡುತ್ತಾರೆ. ಆ ಏಳು ಈಗ ಯಾರ ಕೈಯಲ್ಲಿದೆ ಎಂಬುದು ಅರಳಿಕಟ್ಟೆಯ ನಾಯಿಗೂ ಗೊತ್ತು.

ಎಲೆಗಳು ಜೋಪಾನವಾಗಿ ಉಳಿಯುವ ಜಾಗವೆಂದರೆ ಪೊಲೀಸ್ ಠಾಣೆ ಮಾತ್ರ. ದಾಳಿಯಲ್ಲಿ ಸಿಕ್ಕ 52ನ್ನೂ ಎಣಿಸಿ, ಪಂಚರ ಮುಂದೆ ಮಹಜರು ಬರೆದು, ಕವರಿಗೆ ಹಾಕಿ, ದಾರ ಸುತ್ತಿ, ಅರಗಿನ ಮೊಹರು ಒತ್ತಿ, ಚೀಟಿ ಅಂಟಿಸಿ ಇಡುತ್ತಾರೆ. ಎಲೆಗೆ ಅಷ್ಟು ಮರ್ಯಾದೆ ಸಿಗುವುದನ್ನು ಬೇರೆಲ್ಲೂ ಕಾಣೆ ಅಂದುಕೊಂಡಿದ್ದೆ, ಬೆಂಗಳೂರಿನಿಂದ ಅಕ್ಕನ ಮಗ ಪಾಂಡವಪುರದ ನಮ್ಮ ಮನೆಗೆ ಬರುವವರೆಗೆ.

ಅವನದು ಯುದ್ಧದ ಆಟ. ಮೇಜಿನ ಮೇಲೆ ನಕಾಶೆ, ನಕಾಶೆಯ ಮೇಲೆ ಸೈನ್ಯ, ಕೈಯಲ್ಲಿ ಎಲೆ. 1993ರಲ್ಲಿ ಮಾರ್ಕ್ ಹರ್ಮನ್ ಎಂಬಾತ ‘ವಿ ದ ಪೀಪಲ್’ ಎಂಬ ಆಟ ಕಟ್ಟಿ, ಎಲೆ ಇಳಿಸದೆ ಸೇನಾಪತಿ ಕದಲುವ ಹಾಗಿಲ್ಲ ಎಂದು ನಿಯಮ ಮಾಡಿದ ಮೇಲೆ ಇಂಥವು ಬೆಳೆದುವಂತೆ. ಅದರ ಹೊಸ ಅವತಾರ ‘ವಾಷಿಂಗ್ಟನ್ಸ್ ವಾರ್’ ಇವನ ಚೀಲದಲ್ಲಿತ್ತು. ಚೀಲ ಬಿಚ್ಚಿದವನೇ ಆಡಲು ಕೂರಲಿಲ್ಲ. ಎಲೆಗಳಿಗೆ ಅಂಗಿ ತೊಡಿಸಲು ಕೂತ. ತೆಳ್ಳಗಿನ ಪಾರದರ್ಶಕ ಪ್ಲಾಸ್ಟಿಕ್ ಲಕೋಟೆ, ಒಂದೊಂದು ಎಲೆಗೆ ಒಂದೊಂದು. 63ಕ್ಕೆ 88 ಮಿಲಿಮೀಟರಿನ ಎಲೆಗೆ ಬೇರೆ ಅಳತೆ, 44ಕ್ಕೆ 68ರ ಮರಿ ಎಲೆಗೆ ಬೇರೆ. ಎರಡು ಬೆರಳಿಂದ ಬಾಯಿ ಅಗಲಿಸಿ, ಎಲೆ ಇಳಿಸಿ, ಒಳಗಿನ ಗಾಳಿಯನ್ನು ಹೆಬ್ಬೆರಳಿಂದ ಮೇಲಕ್ಕೆ ಸವರಿ ಹೊರದೂಡುತ್ತಿದ್ದ. ಆಲೆಮನೆ ಬೆಲ್ಲ ತಿಂದ ಕೈ ಎಂದು ನನ್ನನ್ನು ಎರಡಡಿ ದೂರ ಇಟ್ಟಿದ್ದ.

ನಗು ಬಂತು. ಕಾರಣ ಕೇಳಿದ ಮೇಲೆ ಕಡಿಮೆಯಾಯಿತು. ಮೂಲೆ ಮುರಿದ ಎಲೆ ಬೆನ್ನು ನೋಡಿದರೇ ಗುರುತು ಸಿಗುತ್ತದೆ. ಗುರುತು ಸಿಕ್ಕರೆ ಸೈನ್ಯದ ಗುಟ್ಟು ರಟ್ಟು. ಅಂದರೆ ಅದೇ ಸಿಗರೇಟು ಪ್ಯಾಕಿನ ಏಳು! ಇದು ಶೋಕಿಯಲ್ಲ, ಬೇಹುಗಾರಿಕೆ ತಡೆ.

ಆದರೆ ಅಂಗಿ ತೊಟ್ಟ ಎಲೆಗಳು ಊದಿಕೊಂಡವು. ಕಂಪನಿಯ ಪೆಟ್ಟಿಗೆಯ ಮುಚ್ಚಳ ಕೂರಲೊಲ್ಲದು. ನನ್ನ ಹೆಂಡತಿಯ ಸೀರೆ ಡಬ್ಬ ಹೋಯಿತು. ಬಿಡಿ ಬಿಲ್ಲೆಗಳಿಗೆಂದು ಅಡುಗೆಮನೆಯ ಒಗ್ಗರಣೆ ಡಬ್ಬಿಯೂ ಹೋಯಿತು. ಸಾಸಿವೆ ಬಟ್ಟಲಿನಲ್ಲಿ ಬ್ರಿಟಿಷ್ ಸೇನಾನಿಗಳು, ಅವರಲ್ಲೊಬ್ಬ ಕಾರ್ನ್‌ವಾಲಿಸ್. 1781ರಲ್ಲಿ ಯಾರ್ಕ್‌ಟೌನಿನಲ್ಲಿ ಅಮೆರಿಕನ್ನರಿಗೆ ಶರಣಾಗಿ, 1792ರಲ್ಲಿ ಶ್ರೀರಂಗಪಟ್ಟಣಕ್ಕೆ ಬಂದು ಟಿಪ್ಪುವಿನ ಅರ್ಧ ರಾಜ್ಯವನ್ನೂ ಇಬ್ಬರು ಮಕ್ಕಳನ್ನೂ ಬರೆಸಿಕೊಂಡು ಹೋದನಲ್ಲ, ಅವನೇ. ಡಬ್ಬಿಯ ಮುಚ್ಚಳವನ್ನು ನಾನೇ ಒತ್ತಿ ಹಾಕಿದೆ.

ಎಲೆ ಕಾಪಾಡುವ ವಿದ್ಯೆ ಅಮೆರಿಕದಿಂದ ಬರಬೇಕಿತ್ತೇ ಎಂದು ಆಮೇಲೆ ಅನ್ನಿಸಿತು. ನಮ್ಮ ಹಳೆಯ ಗಂಜೀಫ ಆಟದ ಎಲೆಗಳು ದುಂಡಗಿದ್ದವು. ಮೂಲೆಯೇ ಇಲ್ಲದ ಮೇಲೆ ಮಡಚುವುದೇನನ್ನು? ಬಟ್ಟೆಯ ಪದರಕ್ಕೆ ಹುಣಿಸೆಬೀಜದ ಅಂಟು ಬಳಿದು ಬಿರುಸು ಮಾಡಿ, ಚಿತ್ರ ಬರೆದು, ಅರಗಿನ ಮೆರುಗು ಕೊಟ್ಟು, ಚಿತ್ತಾರದ ಮರದ ಪೆಟ್ಟಿಗೆಯಲ್ಲಿಡುತ್ತಿದ್ದರು. ಹಂಚುವ ಮುನ್ನ ಹಾಸಿದ ವಸ್ತ್ರದ ಮೇಲೆ ಬೋರಲು ಹರವಿ ಅಂಗೈಯಲ್ಲಿ ಮೆಲ್ಲಗೆ ಕಲಸುವುದು. ಯುದ್ಧವೂ ಅದರಲ್ಲಿತ್ತು. ಅಕ್ಬರನ ಕಾಲದ 144 ಎಲೆಗಳ ಕಟ್ಟನ್ನು ಅಬುಲ್ ಫಜಲ್ ವರ್ಣಿಸಿದ್ದಾನೆ: ಕುದುರೆಗಳ ಒಡೆಯ ಅಶ್ವಪತಿ, ಆನೆಗಳ ಒಡೆಯ ಗಜಪತಿ, ಕೋಟೆಗೊಬ್ಬ, ಹಡಗಿಗೊಬ್ಬ.

ನಮ್ಮ ಮುಮ್ಮಡಿ ಕೃಷ್ಣರಾಜ ಒಡೆಯರಂತೂ ಎಲ್ಲರನ್ನೂ ಮೀರಿಸಿದರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಐದು ವರ್ಷದ ಮಗುವಾಗಿ ಪಟ್ಟ ಏರಿದವರು. 1831ರಲ್ಲಿ ಇಂಗ್ಲಿಷರು ಆಡಳಿತ ಕಿತ್ತುಕೊಂಡರು. ಆಳಲು ನಾಡಿಲ್ಲದ ದೊರೆ 36ರಿಂದ 360 ಎಲೆಗಳವರೆಗೆ ಬಗೆಬಗೆಯ ಛದಗಳನ್ನು, ಅಂದರೆ ಗಂಜೀಫ ಆಟಗಳನ್ನು, ಹೂಡಿದರು. ‘ಶ್ರೀತತ್ತ್ವನಿಧಿ’ ಗ್ರಂಥದ ಕೌತುಕನಿಧಿಯಲ್ಲಿ ಅವುಗಳ ವಿವರವಿದೆ. ಪಂಚಪಾಂಡವ ಛದ ಎಂಬುದೂ ಒಂದು. ಕುಂತಿಬೆಟ್ಟದ ನೆರಳಿನಲ್ಲಿ ಇರುವವನಾದ್ದರಿಂದ ಅದರಲ್ಲಿ ನನಗೊಂದು ಪಾಲಿದೆ ಎಂದೇ ನಂಬಿದ್ದೇನೆ. 360 ಎಲೆಯ ಕಟ್ಟನ್ನು ಯಾರು ಎಣಿಸಿ ಇಡುತ್ತಿದ್ದರೋ, ಆ ಊಳಿಗದವನಿಗೆ ನನ್ನ ನಮಸ್ಕಾರ.

ಇಷ್ಟೆಲ್ಲ ಹೇಳಿದ್ದಕ್ಕೆ ಅಳಿಯ ಕರಗಿ, ಯುಗಾದಿಗೆ ಕೆ.ಆರ್. ಪೇಟೆಯ ನೆಂಟರ ಮನೆಗೆ ಸೀರೆ ಡಬ್ಬವನ್ನೂ ಹೊತ್ತು ತಂದ. ಜಗಲಿಯ ಜಮಖಾನದ ಮೇಲೆ ನಕಾಶೆ ಹರಡಿತು. ನಾಗಮಂಗಲದ ಭಾವ ಎದುರು ಕೂತರು. ಭಾವನ ಆಟದ ಜೀವಾಳ ಅವರ ಹೆಬ್ಬೆರಳು. ನಾಲಿಗೆಗೆ ತಾಗಿಸಿ, ಎಲೆಯ ಬೆನ್ನಿಗೊತ್ತಿ, ಪಟ್ಟನೆ ಎದುರಿನವನ ಮಡಿಲಿಗೆ ಹಾರಿಸುವುದು ಆ ಕೈಯ ಗತ್ತು. ಅವತ್ತೂ ಹೆಬ್ಬೆರಳು ನಾಲಿಗೆಗೆ ಹೋಯಿತು. ಅಳಿಯ ಕಣ್ಣು ಮುಚ್ಚಿಕೊಂಡ. ಎಂಜಲು ಪ್ಲಾಸ್ಟಿಕ್ಕಿನ ಮೇಲೆ ಜಾರಿ, ಕಟ್ಟಿಗೆ ಕಟ್ಟೇ ಜಮಖಾನದ ತುಂಬ ಮೀನಿನಂತೆ ಹರಿದಾಡಿತು.

“ಇದೇನ್ಲಾ ಮಗ, ಎಲೆಗೆ ಎಣ್ಣೆ ಹಚ್ಚಿದ್ದೀಯಾ?”

ಅಳಿಯ ಒಂದೊಂದನ್ನೂ ಕರ್ಚೀಫಿನಲ್ಲಿ ಒರೆಸಿ ಜೋಡಿಸಿದ. ತಾನೇ ಹಂಚುತ್ತೇನೆಂದ. ಹದಿಮೂರು ವಸಾಹತುಗಳು ಯಾವುವು, ಯಾವ ಎಲೆಗೆ ಯಾವ ಸೇನಾಪತಿ ಏಳುತ್ತಾನೆ, ಚಳಿಗಾಲದಲ್ಲಿ ಸೈನ್ಯದ ಗತಿಯೇನು ಎಂದು ಹೋಳಿಗೆ ತಣ್ಣಗಾಗುವವರೆಗೆ ವಿವರಿಸಿದ. ಭಾವ ರೆಪ್ಪೆ ಹೊಡೆಯದೆ ಕೇಳಿದರು. ನಡುವೆ ತಲೆಯನ್ನೂ ಆಡಿಸಿದರು. ಕೊನೆಗೆ ಪಂಚೆ ಸರಿಮಾಡಿಕೊಂಡು, ಜೇಬಿನಿಂದ ಹತ್ತರ ನೋಟುಗಳ ಕಟ್ಟು ತೆಗೆದು ಜಮಖಾನದ ಮೇಲಿಟ್ಟರು.

“ಎಲ್ಲ ಗೊತ್ತಾಯ್ತು. ಪಾಯಿಂಟಿಗೆ ಎಷ್ಟು?”